ಜುಲೈ ತಿಂಗಳ ಚಿತ್ರ

ಪ್ರೆಸ್ಸಿನವನು ನಿನ್ನೆ ಹೊಸ ಕ್ಯಾಲೆಂಡರಿನ ಮಾದರಿ ತಂದು ನನ್ನ ಮೇಜಿನ ಮೇಲೆ ಬಿಚ್ಚಿದ. "ಜುಲೈಗೊಂದು ಚಿತ್ರ ಬಾಕಿ ಐತ್ರಿ ಸರ" ಎಂದ. ಹಸಿ ಶಾಯಿಯ ವಾಸನೆ ನಿಮಗೆ ಹೊಸ ಪಠ್ಯಪುಸ್ತಕದ ನೆನಪು ತರಬಹುದು. ನನಗೆ ಮಾತ್ರ ಹುಲಿಗೆಮ್ಮ ನೆನಪಾಗುತ್ತಾಳೆ.

ಬಳ್ಳಾರಿಯ ಗಾಂಧಿನಗರದಲ್ಲಿ, ಊರಿನ ಬಡ ಕುಟುಂಬಗಳಿಗೆ ನೆರವಾಗುವ ಒಂದು ಕ್ರೈಸ್ತ ಸೇವಾಸಂಸ್ಥೆಗೆ ನಾನು ಮುಖ್ಯಸ್ಥ. ದೊಡ್ಡ ಕುರ್ಚಿ ಅಂದುಕೊಳ್ಳಬೇಡಿ. ನಲ್ಲಿ ಸೋರಿದರೂ, ಹೊಲಿಗೆಯಂತ್ರದ ಸೂಜಿ ಮುರಿದರೂ ನನ್ನನ್ನೇ ಕೂಗುತ್ತಾರೆ. ಹುಲಿಗೆಮ್ಮ ರೈಲು ಹಳಿಯಾಚೆಯ ಓಣಿಯವಳು. ಜೀನ್ಸ್ ಪ್ಯಾಂಟುಗಳ ಗಂಟು ಮನೆಗೆ ತಂದು ಹೆಚ್ಚಿನ ದಾರ ಕತ್ತರಿಸಿ ಕೊಡುವುದು ಅವಳ ಕೆಲಸ. ಬೆರಳ ತುದಿಗಳು ಯಾವಾಗಲೂ ನೀಲಿ. ಗಂಡ ಕಟ್ಟಡದ ಸಾರುವೆಯಿಂದ ಬಿದ್ದು ಹಾಸಿಗೆ ಹಿಡಿದ ವರ್ಷ ನಮ್ಮಿಂದ ತಿಂಗಳಿಗೊಂದು ಅಕ್ಕಿಚೀಲ ಹೋಗುತ್ತಿತ್ತು. ಅವಳೋ, ಪ್ರತಿ ಗುರುವಾರ ಮಧ್ಯಾಹ್ನ ಸಜ್ಜೆರೊಟ್ಟಿ, ಪುಂಡಿಪಲ್ಯ ಕಟ್ಟಿಕೊಂಡು ಆಫೀಸಿಗೇ ಬರುತ್ತಿದ್ದಳು.

"ಇದೆಲ್ಲ ಯಾಕವ್ವ?" ಎಂದರೆ ಗದರುತ್ತಿದ್ದಳು: "ನಿಮ್ಮ ಅಕ್ಕಿ ನಾವು ಉಣಬೋದು, ನಮ್ಮ ರೊಟ್ಟಿ ನೀವು ತಿನಬಾರದೇನ್ರಿ? ಸುಮ್ನ ಕೈ ತೊಳಕಂಡು ಬರ್ರಿ."

ಅಂದಿನಿಂದ ಗುರುವಾರ ಮನೆಯ ಬುತ್ತಿ ಬಂದ್. ಪುಂಡಿಯ ಹುಳಿಗೆ ನಾನು ಕಣ್ಣು ಕಿರಿದು ಮಾಡುವುದನ್ನು ನೋಡಿ ನಗುವುದೇ ಅವಳಿಗೊಂದು ಖುಷಿ. ಊಟಕ್ಕೆ ಮುಂಚಿನ ಪ್ರಾರ್ಥನೆಯನ್ನು ಆ ದಿನ ಮಾತ್ರ ನಾನು ಮೊಟಕು ಮಾಡುತ್ತಿದ್ದೆ, ದೇವರು ಕ್ಷಮಿಸಿರಬೇಕು.

ದಾನಿಗಳಿಗೂ ಚರ್ಚುಗಳಿಗೂ ಹಂಚಲು ಪ್ರತಿ ವರ್ಷ ಕ್ಯಾಲೆಂಡರ್ ಮಾಡಿಸುತ್ತೇವೆ. ಅಕ್ಕಿಚೀಲಕ್ಕೆ ಎರಡೂ ಕೈ ಚಾಚಿದ ಹುಲಿಗೆಮ್ಮನ ಫೋಟೊ ಚೆನ್ನಾಗಿ ಬಂದಿತ್ತು. ಜುಲೈಗೆ ಹಾಕಿಸಿದೆ. ಅವಳನ್ನೊಂದು ಮಾತು ಕೇಳಬೇಕೆಂದು ಹೊಳೆಯಲೇ ಇಲ್ಲ ನೋಡಿ, ಎಂಥ ಬುದ್ಧಿವಂತ ನಾನು!

ಅದೇ ಜುಲೈನಲ್ಲಿ ಅವಳು ಮಗಳನ್ನು ಕರೆದುಕೊಂಡು ಸಂಬಂಧದ ಮಾತಿಗೆ ಸಿರುಗುಪ್ಪಕ್ಕೆ ಹೋದಳು. ವರನ ಮನೆಯ ಗೋಡೆಯ ಮೇಲೆ ನಮ್ಮ ಕ್ಯಾಲೆಂಡರ್! ನೆರೆಮನೆಯ ಚರ್ಚಿನವರು ಕೊಟ್ಟದ್ದಂತೆ. ಸಂಬಂಧವೇನೋ ಕುದುರಿತು, ಆದರೆ ಗುರುವಾರ ಹುಲಿಗೆಮ್ಮ ಬರಲಿಲ್ಲ. ಮುಂದಿನ ಗುರುವಾರವೂ ಇಲ್ಲ. ಓಣಿಗೆ ಹೋದೆ.

"ಅವರು ಚಿತ್ರ ನೋಡಿದ್ರು, ನನ್ನ ನೋಡಿದ್ರು, ಮತ್ತ ಚಿತ್ರ ನೋಡಿದ್ರು. ನನ್ನ ಮಗಳು ತಲಿ ಎತ್ತಲಿಲ್ರಿ ಸರ" ಎಂದಷ್ಟೇ ಹೇಳಿ ಅವಳು ದಾರ ಕತ್ತರಿಸತೊಡಗಿದಳು. ಅವಳು ನಾಲ್ಕು ಮಾತು ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು.

ಇದಾಗಿ ಮೂರು ವರ್ಷ. ಆಮೇಲೆ ಕ್ಯಾಲೆಂಡರಿನಲ್ಲಿ ಬರೀ ಗುಡ್ಡ, ಹೊಳೆ, ಹೂವು. ಕುರುಗೋಡಿನ ನನ್ನ ತಂಗಿ ಪುಂಡಿಪಲ್ಯ ಬಡಿಸಿದಾಗೆಲ್ಲ ಹುಳಿ ಸಾಲದು ಎಂದು ಹೇಳಿ ಅವಳಿಂದ ಬೈಸಿಕೊಳ್ಳುತ್ತೇನೆ. ನಿಜ ಹೇಳಬೇಕೆಂದರೆ, ಗುರುವಾರ ಬಾಗಿಲ ಸದ್ದಾದರೆ ಈಗಲೂ ಜೀವ ಆಸೆಪಡುತ್ತದೆ.

ನಿನ್ನೆ ಜುಲೈಗಾಗಿ ಹಳೆಯ ಫೋಟೊಗಳನ್ನು ತಡಕುವಾಗ ಒಂದು ಸಿಕ್ಕಿತು: ರೊಟ್ಟಿಗೆ ಎರಡೂ ಕೈ ಚಾಚಿ ನಿಂತ ನಾನು, ಕೊಡುತ್ತಿರುವ ನೀಲಿ ಬೆರಳುಗಳು. ಇದನ್ನೇ ಹಾಕಿಸಬೇಕೆನಿಸಿತು. ಈ ಸಲ ಕೇಳಲು ಹೋದೆ.

ಹುಲಿಗೆಮ್ಮ ಕತ್ತರಿ ಕೆಳಗಿಟ್ಟು ಫೋಟೊ ಕೈಗೆ ತೆಗೆದುಕೊಂಡಳು. "ಸರ, ಇದನ್ನ ನಿಮ್ಮ ಬೀಗರು ನೋಡಿದ್ರ ಏನಂತಾರ್ರಿ?"

"ತಪ್ಪು ನಂದವ್ವ. ಅವತ್ತು ನಿನ್ನ ಕೇಳಬೇಕಿತ್ತು."

"ಹಾಕಬ್ಯಾಡ್ರಿ" ಎಂದಳು. "ಯಾರ ಕೈನೂ ಹಾಕಬ್ಯಾಡ್ರಿ."

ಫೋಟೊ ಮಾತ್ರ ನನಗೆ ವಾಪಸು ಕೊಡಲಿಲ್ಲ. ಸೆರಗಿನಿಂದ ಒರೆಸಿ ಗೋಡೆಯ ಗೂಡಿನಲ್ಲಿಟ್ಟಳು.

ಈಗ ತಾನೇ ಪ್ರೆಸ್ಸಿನವನ ಫೋನು. "ಸರ, ಜುಲೈ?"

"ಖಾಲಿ ಇರಲಿ ಬಿಡಪ್ಪ."

ನಾಳೆ ಗುರುವಾರ. ಬರುತ್ತೇನೆಂದು ಅವಳು ಹೇಳಿಲ್ಲ, ಬಾ ಎಂದು ಕರೆಯುವ ಮುಖ ನನಗಿರಲಿಲ್ಲ. ಆದರೂ, ನಾಳೆ ಬುತ್ತಿ ಕಟ್ಟಬೇಡ ಎಂದು ಹೆಂಡತಿಗೆ ಹೇಳಿಬಿಟ್ಟಿದ್ದೇನೆ.