ಒಂದೇ ಸಲ ಕೇಳಿಸುತ್ತದೆ

ಆಗ ನಾನು ಗುಬ್ಬಿಯ ಒಂದು ಖಾಸಗಿ ಪದವಿ ಕಾಲೇಜಿನಲ್ಲಿ ಗಣಿತ ಪಾಠ ಮಾಡುತ್ತಿದ್ದೆ. ಎಂಟು ವರ್ಷದ ನೌಕರಿ. ಎಸ್ಸೆಸ್ಸೆಲ್ಸಿವರೆಗೂ ಕನ್ನಡದಲ್ಲೇ ಓದಿದವಳು. ಮುಂದೆ ಪುಸ್ತಕಗಳೆಲ್ಲ ಇಂಗ್ಲಿಷಿನವಾದರೂ ಮೇಷ್ಟರುಗಳು ಅರ್ಧ ಕನ್ನಡದಲ್ಲೇ ಪಾಠ ಮಾಡಿದರು, ನಾನೂ ನನ್ನ ತರಗತಿಯ ಮಕ್ಕಳಿಗೆ ಹಾಗೆಯೇ ಮಾಡಿದೆ. ಯಾರೂ ಅದನ್ನು ತಪ್ಪು ಎಂದಿರಲಿಲ್ಲ.

ಒಂದು ಜೂನ್‌ನಲ್ಲಿ ಆಡಳಿತ ಮಂಡಳಿಯವರು ದೂರದ ಯಾವುದೋ ವಿಶ್ವವಿದ್ಯಾಲಯದ ಜೊತೆ ಸೇರಿ ಹೊಸ ಕೋರ್ಸು ತಂದರು. ಅದರ ಜೊತೆಗೆ ಒಂದು ಸುತ್ತೋಲೆಯೂ ಬಂತು. ಎಲ್ಲ ಉಪನ್ಯಾಸಕರೂ ಒಂದು ವರ್ಷದೊಳಗೆ, ಹೊರಗಿನ ಸಂಸ್ಥೆಯೊಂದು ನಡೆಸುವ ಕಾಲೇಜು ಮಟ್ಟದ ಇಂಗ್ಲಿಷ್ ಪರೀಕ್ಷೆ ಪಾಸು ಮಾಡಬೇಕು. ಓದುವುದು, ಬರೆಯುವುದು, ಮಾತಾಡುವುದು, ಕೇಳುವುದು ಎಂದು ನಾಲ್ಕು ಭಾಗ, ನಾಲ್ಕರಲ್ಲೂ ಪಾಸಾಗಬೇಕು. ಮೂರು ಅವಕಾಶ. ನಾನು ಹೆದರಿದ್ದು ಮಾತಾಡುವ ಭಾಗಕ್ಕೆ. ಕೇಳುವುದರಲ್ಲಿ ಏನು ಕಷ್ಟ, ಕಿವಿಗೆ ಬಿದ್ದದ್ದನ್ನು ಬರೆದರಾಯಿತು ಎಂದುಕೊಂಡಿದ್ದೆ.

ಮೊದಲ ಸಲ ಓದು, ಬರಹಗಳಲ್ಲಿ ಒಳ್ಳೆಯ ಅಂಕವೇ ಬಂತು. ಮಾತಾಡುವುದರಲ್ಲೂ ಹೇಗೋ ದಡ ಸೇರಿದೆ. ಕೇಳುವ ಭಾಗದಲ್ಲಿ ನಲವತ್ತಕ್ಕೆ ಹನ್ನೊಂದು.

ಅಲ್ಲಿಂದ ನನ್ನ ಅಭ್ಯಾಸ ಶುರುವಾಯಿತು. ಮನೆ ಹೆಬ್ಬೂರಿನಲ್ಲಿ. ಬೆಳಗ್ಗೆ ಏಳಕ್ಕೆ ಬಸ್ಸು ಹಿಡಿದು ತುಮಕೂರಿಗೆ ಬಂದು, ಅಲ್ಲಿಂದ ಇನ್ನೊಂದು ಬಸ್ಸಿನಲ್ಲಿ ಗುಬ್ಬಿಗೆ. ಹೋಗುವಾಗಲೂ ಬರುವಾಗಲೂ ಕಿವಿಯಲ್ಲಿ ಇಯರ್‌ಫೋನು. ಒಬ್ಬಳು ಫೋನಿನಲ್ಲಿ ಬಾಡಿಗೆ ಕೋಣೆ ವಿಚಾರಿಸುತ್ತಾಳೆ, ಇಬ್ಬರು ವಿದ್ಯಾರ್ಥಿಗಳು ಪ್ರಬಂಧದ ಬಗ್ಗೆ ಚರ್ಚೆ ಮಾಡುತ್ತಾರೆ, ಒಬ್ಬ ಪ್ರಾಧ್ಯಾಪಕ ಜೇನುನೊಣಗಳ ಬಗ್ಗೆ ಉಪನ್ಯಾಸ ಕೊಡುತ್ತಾನೆ. ಪರೀಕ್ಷೆಯಲ್ಲಿ ಇದೆಲ್ಲ ಒಂದೇ ಸಲ ಕೇಳಿಸುತ್ತದೆ. ಬಸ್ಸಿನಲ್ಲಿ ನಾನು ಹತ್ತು ಸಲ ಹಾಕಿಕೊಳ್ಳುತ್ತಿದ್ದೆ. ಹತ್ತನೆಯ ಸಲವೂ ಕೋಣೆ ಬೇಕಾಗಿರುವುದು ಹದಿನೈದನೆಯ ತಾರೀಖಿಗೋ ಹದಿನಾರಕ್ಕೋ ಗೊತ್ತಾಗುತ್ತಿರಲಿಲ್ಲ. ಸದ್ದು ಜಾಸ್ತಿ ಮಾಡಿದರೆ, ಇಷ್ಟು ಸದ್ದು ಕಿವಿಗೆ ಒಳ್ಳೆಯದಲ್ಲ ಎಂದು ಫೋನು ಎಚ್ಚರಿಸುತ್ತಿತ್ತು. ಆ ಎಚ್ಚರಿಕೆಯನ್ನು ಒತ್ತಿ ತೆಗೆದು ಇನ್ನೂ ಜಾಸ್ತಿ ಮಾಡುತ್ತಿದ್ದೆ. ಒಂದು ದಿನ ಪಕ್ಕದಲ್ಲಿ ಕೂತಿದ್ದ ಕಾಲೇಜು ಹುಡುಗಿ ನನ್ನ ತೋಳು ತಟ್ಟಿ, "ಅಕ್ಕಾ, ಸ್ವಲ್ಪ ಕಮ್ಮಿ ಮಾಡ್ಕೊಳ್ರೀ. ಎಲ್ಲಾ ಆಚೆಗ್ ಕೇಳಿಸ್ತೈತೆ," ಎಂದಳು. ನನಗೆ ನಾಚಿಕೆಯಾಯಿತು. ಇಂಗ್ಲಿಷ್ ಕಲಿಯುತ್ತಿರುವುದು ಎಲ್ಲರಿಗೂ ಗೊತ್ತಾಯಿತಲ್ಲ ಎಂದು ನಾಚಿಕೆಯಾಯಿತೇ ಹೊರತು, ಆಚೆ ಕೂತವಳಿಗೆ ಸ್ಪಷ್ಟವಾಗಿ ಕೇಳಿಸಿದ್ದು ನನಗೇಕೆ ಕೇಳಿಸುತ್ತಿಲ್ಲ ಎಂದು ಹೊಳೆಯಲಿಲ್ಲ.

ಎರಡನೆಯ ಸಲ ಹದಿನಾಲ್ಕು ಬಂತು. ಪ್ರಾಂಶುಪಾಲರು ಕರೆಸಿ ಪ್ರೀತಿಯಿಂದಲೇ ಹೇಳಿದರು: "ಪ್ರಾಕ್ಟೀಸ್ ಸಾಲ್ತಿಲ್ಲ ಮೇಡಂ. ದಿನಾ ಒಂದ್ ಗಂಟೆ ಇಂಗ್ಲಿಷ್ ನ್ಯೂಸ್ ಕೇಳಿ. ತಾನಾಗೇ ಬರುತ್ತೆ." ನನ್ನ ಗಂಡ ಊರಿನ ಹಾಲಿನ ಡೈರಿಯ ಕಾರ್ಯದರ್ಶಿ. ಅವರೂ ಅದನ್ನೇ ಹೇಳಿದರು. ನಾನು ದಿನಕ್ಕೆ ಎರಡು ಗಂಟೆ ಕೇಳಿದೆ. ಅನ್ನಕ್ಕೆ ಇಟ್ಟು ಕೇಳಿದೆ, ಬಟ್ಟೆ ಒಗೆಯುತ್ತಾ ಕೇಳಿದೆ. ವಾರ್ತೆ ಓದುವವರ ಮುಖ ನೋಡುತ್ತಿದ್ದರೆ ಬಹುಪಾಲು ತಿಳಿಯುತ್ತಿತ್ತು. ಮುಖ ಮರೆಯಾಗಿ ಚಿತ್ರ ಬಂದ ಕೂಡಲೇ ಮಾತು ಕಲಸಿಹೋಗುತ್ತಿತ್ತು. ಲೆಕ್ಕ ಬರದ ಮಕ್ಕಳಿಗೆ ನಾನು ಎಷ್ಟೋ ಸಲ "ಗಮನ ಕೊಡಿ" ಎಂದು ಗದರಿದ್ದೆ. ಈಗ ಎಷ್ಟು ಗಮನ ಕೊಟ್ಟರೂ ಕೈಗೆ ಸಿಗದ ಒಂದು ವಿಷಯದ ಮುಂದೆ ನಾನೇ ಕೂತಿದ್ದೆ. ಕೊನೆಗೆ, ನನಗೆ ಬುದ್ಧಿ ಅಷ್ಟೇ ಎಂದು ಒಪ್ಪಿಕೊಳ್ಳುವ ಹಂತಕ್ಕೆ ಬಂದಿದ್ದೆ.

ಸಹೋದ್ಯೋಗಿಯೊಬ್ಬರು ತುಮಕೂರಿನ ಬಿ.ಎಚ್. ರಸ್ತೆಯ ಹಿಂದಿನ ಬೀದಿಯಲ್ಲಿದ್ದ ನಿವೃತ್ತ ಇಂಗ್ಲಿಷ್ ಅಧ್ಯಾಪಕಿಯೊಬ್ಬರ ವಿಳಾಸ ಕೊಟ್ಟರು. ಭಾನುವಾರ ಮಧ್ಯಾಹ್ನ ಅವರ ಮನೆಗೆ ಹೋಗತೊಡಗಿದೆ. ಮೂರನೆಯ ಪರೀಕ್ಷೆಗೆ ಐದು ವಾರವಿತ್ತು. ಆ ಮೇಡಂ ಕಂಪ್ಯೂಟರಿನಲ್ಲಿ ಏನನ್ನೂ ಹಾಕಲಿಲ್ಲ. ಎದುರು ಕೂತು, ತಾವೇ ಓದಿ, ಪ್ರಶ್ನೆ ಕೇಳಿದರು. ಮೊದಲ ದಿನವೇ ಇಪ್ಪತ್ತಕ್ಕೆ ಹದಿನೇಳು ಉತ್ತರ ಸರಿ ಬಂತು.

"ಇಷ್ಟು ಚೆನ್ನಾಗಿ ಮಾಡ್ತೀಯಲ್ಲಮ್ಮ, ಪರೀಕ್ಷೇಲಿ ಏನಾಗುತ್ತೆ ನಿಂಗೆ? ಭಯಾನಾ?"

"ಇರ್ಬೇಕು ಮೇಡಂ," ಎಂದೆ. ಭಯ ಎನ್ನುವುದು ಸುಲಭದ ಉತ್ತರವಾಗಿತ್ತು.

ಎರಡನೆಯ ಭಾನುವಾರ ಅವರು ಓದುತ್ತಾ ಓದುತ್ತಾ ಎದ್ದು ಅಡುಗೆಮನೆಗೆ ಹೋದರು. ಅದು ನಾನು ಕೂತಿದ್ದ ಕಡೆಗೇ ತೆರೆದುಕೊಂಡಿತ್ತು. ನನಗೆ ಬೆನ್ನು ಮಾಡಿ ಕಾಫಿಗೆ ಹಾಲು ಇಟ್ಟರು. ಆಮೇಲೆ ತಿರುಗಿ ಕಾಯುವವರಂತೆ ನನ್ನನ್ನು ನೋಡಿದರು.

"ಬರೀಲಿಲ್ವಾ?"

"ಏನ್ ಮೇಡಂ?"

"ನಾಲ್ಕು ಪ್ರಶ್ನೆ ಆಯ್ತಲ್ಲಮ್ಮ."

ಅವರು ಓದುತ್ತಲೇ ಇದ್ದರಂತೆ. ನಾನು ಕಾಫಿಗಾಗಿ ಓದು ನಿಲ್ಲಿಸಿದ್ದಾರೆ ಎಂದುಕೊಂಡು ಪೆನ್ನು ಕೆಳಗಿಟ್ಟಿದ್ದೆ. ಮೇಡಂ ಒಲೆ ಆರಿಸಿ ಬಂದು ನನ್ನೆದುರು ಕೂತರು. ಪುಸ್ತಕವನ್ನು ಬಾಯಿಗೆ ಅಡ್ಡ ಹಿಡಿದು, "ನಾನು ಹೇಳಿದ್ದನ್ನ ಹೇಳು," ಎಂದರು. 'ಥಿನ್' ಎಂದರು. ನಾನು 'ಟಿನ್' ಎಂದೆ. 'ಸಿಕ್ಸ್' ಎಂದರು, ನನಗೆ 'ಇಕ್' ಎನ್ನುವ ಹಾಗೆ ಏನೋ ಕೇಳಿಸಿತು. ಪುಸ್ತಕ ತೆಗೆದು ಅದೇ ಪದಗಳನ್ನು ಅದೇ ದನಿಯಲ್ಲಿ ಹೇಳಿದರು. ಎಲ್ಲವೂ ಸರಿಯಾಗಿ ಕೇಳಿಸಿದವು. ಮತ್ತೆ ಪುಸ್ತಕ ಅಡ್ಡ ಹಿಡಿದು ಕನ್ನಡದಲ್ಲೇ ಹೇಳಿದರು: ಹಸು, ಸೊಸೆ, ಶೀಶೆ. ಒಂದೂ ನನಗೆ ಸಿಗಲಿಲ್ಲ, ಯಾವ ಪದಗಳೆಂದು ಪುಸ್ತಕ ತೆಗೆದ ಮೇಲೆ ತಿಳಿಯಿತು.

"ಇದು ಇಂಗ್ಲಿಷ್ ತೊಂದ್ರೆ ಅಲ್ಲಮ್ಮ," ಮೇಡಂ ಮೆಲ್ಲಗೆ ಹೇಳಿದರು. ಅವರ ತುಟಿ ನೋಡುತ್ತಿದ್ದೆ, ಆದ್ದರಿಂದ ಸ್ಪಷ್ಟವಾಗಿ ತಿಳಿಯಿತು. "ನೀನು ಮಾತು ಕೇಳ್ತಿಲ್ಲ. ನೋಡ್ತಿದೀಯ."

ಆ ವಾರವೇ ತುಮಕೂರಿನಲ್ಲಿ ಕಿವಿ ಪರೀಕ್ಷೆ ಮಾಡಿಸಿದೆ. ಒಂದು ಚಿಕ್ಕ ಕೋಣೆಯಲ್ಲಿ ಕೂರಿಸಿ, ಹೆಡ್‌ಫೋನ್ ಹಾಕಿ, ಸದ್ದು ಕೇಳಿಸಿದಾಗಲೆಲ್ಲ ಗುಂಡಿ ಒತ್ತಬೇಕು ಎಂದರು. ಗಾಜಿನ ಆಚೆ ಕೂತ ಹುಡುಗಿ ಏನೋ ತಿರುಗಿಸುವುದು ಕಾಣಿಸುತ್ತಿತ್ತು. ಅವಳ ಕೈ ಆಡುತ್ತಿತ್ತು, ನನಗೆ ಏನೂ ಕೇಳಿಸುತ್ತಿರಲಿಲ್ಲ. ಒತ್ತಿಬಿಡಲೇ ಅನ್ನಿಸಿತು. ಬಸ್ಸಿನಲ್ಲಿ, ತರಗತಿಯಲ್ಲಿ, ಮದುವೆ ಮನೆಗಳಲ್ಲಿ ಹಾಗೆ ಊಹೆಯ ಮೇಲೆ ತಲೆ ಆಡಿಸಿಯೇ ನಾನು ಮೂವತ್ತೈದು ವರ್ಷ ದಾಟಿದ್ದೆ. ಅಂದು ಒತ್ತಲಿಲ್ಲ.

ವೈದ್ಯರು ಒಂದು ಹಾಳೆ ಕೊಟ್ಟರು. ಅದರಲ್ಲಿ ಒಂದು ಗ್ರಾಫ್. ಗ್ರಾಫ್ ಓದುವುದು ನನ್ನ ಕೆಲಸವಾದ್ದರಿಂದ ಅವರು ಬಾಯಿ ತೆರೆಯುವ ಮೊದಲೇ ಅರ್ಥವಾಯಿತು. ದಪ್ಪ ಸದ್ದುಗಳ ಕಡೆ ಗೆರೆ ಸುಮಾರಾಗಿ ಮೇಲೇ ಇತ್ತು, ಸಣ್ಣ, ಕೀರಲು ಸದ್ದುಗಳ ಕಡೆ ಹೋಗುತ್ತಾ ಎರಡೂ ಕಿವಿಗಳದ್ದೂ ಕೆಳಗಿಳಿದುಬಿಟ್ಟಿತ್ತು. 'ಸ', 'ಶ', 'ಫ' ಇಂಥವೆಲ್ಲ ಆ ಇಳಿದ ಜಾಗದಲ್ಲಿ ಇರುತ್ತವಂತೆ. "ಕನ್ನಡದಲ್ಲಿ ಅರ್ಧ ಪದ ಸಿಕ್ಕಿದ್ರೆ ಮಿಕ್ಕಿದ್ದನ್ನ ನಿಮ್ಮ ತಲೇನೇ ತುಂಬ್ಕೊಳ್ಳುತ್ತೆ," ಎಂದರು. "ಇಂಗ್ಲಿಷಲ್ಲಿ ತುಂಬ್ಕೊಳ್ಳಕ್ಕೆ ಆಗಲ್ಲ. ಇದು ಹೊಸದಲ್ಲ. ಚಿಕ್ಕಂದಿನಲ್ಲಿ ಏನಾದ್ರೂ ಕಾಯಿಲೆ ಆಗಿತ್ತಾ?"

ಅದನ್ನು ಕೇಳಲು ಕುಣಿಗಲ್ಲಿನ ತವರಿಗೆ ಹೋದೆ. ಅಪ್ಪ ತೀರಿಕೊಂಡು ಕೆಲವು ವರ್ಷವಾಗಿತ್ತು. ಅವ್ವ ಅಣ್ಣನ ಮನೆಯ ಜಗಲಿಯಲ್ಲಿ ಕೂತು ಅವರೆಕಾಯಿ ಸುಲಿಯುತ್ತಿದ್ದಳು. ನಾನೂ ಎದುರು ಕೂತು ಒಂದು ಹಿಡಿ ತೆಗೆದುಕೊಂಡೆ.

"ನಾಕ್ ವರ್ಷ ಇರ್ಬೇಕು ನಿಂಗೆ," ಎಂದಳು ಅವ್ವ. "ಜ್ವರ ಹದಿನೈದ್ ದಿನ ಇಳೀಲೇ ಇಲ್ಲ. ದಿನಾ ಇಂಜೆಕ್ಷನ್ನು. ಮಗ ಉಳ್ಕೊಂಡ್ರೆ ಸಾಕು ಅಂತಿದ್ವಿ."

"ಆಮೇಲೆ?"

"ಆಮೇಲೆ ಹಿಂದ್ಗಡೆಯಿಂದ ಕರೆದ್ರೆ ತಿರುಗ್ತಿರ್ಲಿಲ್ಲ ನೀನು. ನಂಗ್ ಅನುಮಾನ ಬಂತು. ತಟ್ಟೆ ಬೀಳ್ಸಿ ನೋಡ್ದೆ. ತಿರುಗ್ದೆ. ಸರಿ ಬುಡು, ಕಿವಿ ನೆಟ್ಟಗೈತೆ ಅಂದ್ಕೊಂಡೆ."

"ಡಾಕ್ಟ್ರಿಗೆ ತೋರಿಸ್ಲಿಲ್ವೇನವ್ವ?"

ಅವ್ವ ಸುಲಿಯುವುದನ್ನು ನಿಲ್ಲಿಸಲಿಲ್ಲ. "ಆಮೇಲೂ ನೀನ್ ಹಂಗೇ ಇದ್ದೆ. ನಿಮ್ಮಪ್ಪ ಬೆಂಗ್ಳೂರಿಗ್ ಕರ್ಕೊಂಡ್ ಹೋಗಾನ ಅಂದ್ರು. ನಾನೇ ಬ್ಯಾಡ ಅಂದೆ. ಹೆಣ್ ಮಗ. ಕಿವುಡಿ ಅಂತ ಒಂದ್ಸಲ ಹೆಸ್ರು ಬಿದ್ಬುಟ್ರೆ ಯಾರ್ ಮಾಡ್ಕೋತಾರೆ? ಸ್ಕೂಲಿಗ್ ಹೋಗಿ ಮೇಷ್ಟ್ರಿಗೆ ಹೇಳ್ದೆ, ಇವ್ಳಿಗೆ ಗಮನ ಕಮ್ಮಿ, ಮುಂದಿನ್ ಬೆಂಚಲ್ಲೇ ಕೂರಿಸ್ಕೊಳ್ಳಿ ಅಂತ. ಪ್ರತಿ ವರ್ಷಾನೂ ಹೋಗಿ ಹೇಳ್ತಿದ್ದೆ ಕಣೇ."

ಸಿಟ್ಟು ಮಾಡಿಕೊಳ್ಳಬೇಕು ಎಂದೇ ಕುಣಿಗಲ್ಲಿನವರೆಗೂ ಬಂದಿದ್ದೆ. ಅವ್ವ ಪ್ರತಿ ಜೂನ್‌ನಲ್ಲೂ ಸೆರಗು ಹೊದ್ದು ಶಾಲೆಯ ಬಾಗಿಲಲ್ಲಿ ನಿಂತು ಒಂದು ಸುಳ್ಳು ಹೇಳಿ ಬರುತ್ತಿದ್ದುದು ಕಣ್ಣಿಗೆ ಕಟ್ಟಿತು. ಸಿಟ್ಟನ್ನು ಯಾರ ಮೇಲೆ ಹಾಕುವುದು ಎಂದು ತಿಳಿಯಲಿಲ್ಲ. ಮೊರದಲ್ಲಿದ್ದ ಕಾಯಿ ಮುಗಿಯುವವರೆಗೂ ಇಬ್ಬರೂ ಸುಲಿದೆವು.

ಗಂಡನಿಗೆ ಹೇಳಿದಾಗ ಅವರು ಗ್ರಾಫಿನ ಹಾಳೆಯನ್ನು ಕೈಗೆ ತೆಗೆದುಕೊಂಡು ನೋಡಿದರು. ಡೈರಿಯ ಕ್ಯಾನುಗಳ ಸದ್ದಿನಲ್ಲಿ ದಿನವೂ ಕೂಗಿ ಮಾತಾಡುವವರು. ಮನೆಯಲ್ಲೂ ಅದೇ ದನಿ ಇದ್ದುದರಿಂದ ನಮಗೆ ಇಷ್ಟು ದಿನ ಗೊತ್ತಾಗಿರಲಿಲ್ಲ.

"ಹಿಂದಿಂದ ಕರೆದ್ರೆ ಸುಮ್ನೆ ಹೋಗ್ಬಿಡ್ತಿದ್ಯಲ್ಲ, ಅದೂ ಇದೇನಾ?"

"ಯಾವಾಗ ರೀ?"

"ಎಷ್ಟೋ ಸಲ. ಯಾವ್ದಕ್ಕೋ ಸಿಟ್ಟು ಮಾಡ್ಕೊಂಡವ್ಳೆ ಅಂದ್ಕೊಂಡು ನಾನೂ ಮಾತಾಡ್ತಿರ್ಲಿಲ್ಲ."

ಮದುವೆಯಾಗಿ ಒಂಬತ್ತು ವರ್ಷ. ಅವರು ಇದ್ದಕ್ಕಿದ್ದಂತೆ ಮುಖ ಬಿಗಿದುಕೊಳ್ಳುವ ದಿನಗಳು ನನಗೆ ನೆನಪಿದ್ದವು. ಅದಕ್ಕೆ ಕಾರಣ ಹುಡುಕಿ ಸೋತಿದ್ದೂ ನೆನಪಿತ್ತು. ಆ ದಿನಗಳನ್ನೆಲ್ಲ ಈಗ ಏನು ಮಾಡುವುದು? ಅವರು ಹಾಳೆಯನ್ನು ಜೋಪಾನವಾಗಿ ಮಡಿಸಿ ಬೀರುವಿನಲ್ಲಿಟ್ಟರು.

ಕಿವಿಗೆ ಹಾಕುವ ಯಂತ್ರಗಳು ಬಂದಾಗ ಪರೀಕ್ಷೆಗೆ ಹತ್ತು ದಿನ ಉಳಿದಿತ್ತು. ಮೊದಲ ದಿನ ಬಸ್ಸಿನಲ್ಲಿ ಪ್ಲಾಸ್ಟಿಕ್ ಚೀಲದ ಸರಪರಕ್ಕೆ ಬೆಚ್ಚಿಬಿದ್ದೆ. ಎಣ್ಣೆಗೆ ಸಾಸಿವೆ ಹಾಕಿದರೆ ಅಷ್ಟು ಸದ್ದಾಗುತ್ತದೆ ಎಂದು ಆವತ್ತು ಗೊತ್ತಾಯಿತು. ಆದರೆ ಮಾತು ಮಾತ್ರ ಹತ್ತಿರ ಬಂದರೂ ಸ್ಪಷ್ಟವಾಗಲಿಲ್ಲ. ತಲೆ ಇವನ್ನು ಕಲಿಯಲು ತಿಂಗಳುಗಳೇ ಬೇಕು ಎಂದಿದ್ದರು ವೈದ್ಯರು. ಪರೀಕ್ಷೆಯವರಿಗೆ ಪತ್ರ ಬರೆದೆ. ಕಿವಿಯ ತೊಂದರೆಯಿದ್ದವರಿಗೆ ಬೇರೆ ವ್ಯವಸ್ಥೆ ಇದೆ, ಆದರೆ ಎರಡು ತಿಂಗಳು ಮೊದಲೇ ಅರ್ಜಿ ಹಾಕಿರಬೇಕು ಎಂದು ಉತ್ತರ ಬಂತು. ಎರಡು ತಿಂಗಳ ಹಿಂದೆ ನನಗೇ ಗೊತ್ತಿರಲಿಲ್ಲ ಎಂದು ಮತ್ತೆ ಬರೆದೆ. ಮೊದಲಿನ ಉತ್ತರವೇ ಒಂದಕ್ಷರ ಬದಲಾಗದೆ ಇನ್ನೊಮ್ಮೆ ಬಂತು. ಪ್ರಾಂಶುಪಾಲರ ಹತ್ತಿರ ಹೋದೆ. "ನಂಗ್ ಅರ್ಥ ಆಗುತ್ತೆ ಮೇಡಂ," ಎಂದರು, ಮೇಜಿನ ಮೇಲಿನ ಕಾಗದ ಸರಿಪಡಿಸುತ್ತಾ. "ಆದ್ರೆ ಮೂರ್ ಚಾನ್ಸು ಅಂತ ಎಲ್ರಿಗೂ ಹೇಳಿದೀವಲ್ಲ."

ಯಂತ್ರ ಹಾಕಿಕೊಂಡೇ ತುಮಕೂರಿನ ಪರೀಕ್ಷಾ ಕೇಂದ್ರಕ್ಕೆ ಹೋದೆ. ಬಾಗಿಲಲ್ಲಿ ತಪಾಸಣೆ ಮಾಡುತ್ತಿದ್ದ ಹೆಂಗಸು ನನ್ನ ಕೂದಲು ಸರಿಸಿ ನೋಡಿದಳು.

"ಇದಕ್ಕೆ ಪರ್ಮಿಷನ್ ಲೆಟರ್ ಇದ್ಯಾ?"

ವೈದ್ಯರ ಚೀಟಿ ತೋರಿಸಿದೆ. ಅವಳು ಒಳಗೆ ಹೋಗಿ ಯಾರನ್ನೋ ಕೇಳಿಕೊಂಡು ಬಂದಳು. "ಬ್ಲೂಟೂತ್ ಇರೋದು ಯಾವ್ದೂ ಒಳಗ್ ಬಿಡಲ್ವಂತೆ. ನನ್ ಕೈಲೇನಿಲ್ಲ, ಬೇಜಾರ್ ಮಾಡ್ಕೋಬೇಡಿ." ಎರಡನ್ನೂ ತೆಗೆದು ಗಡಿಯಾರ, ಫೋನುಗಳಿದ್ದ ತಟ್ಟೆಯಲ್ಲಿ ಇಟ್ಟೆ.

ಕೇಳುವ ಭಾಗ ಶುರುವಾಯಿತು. ಗಂಡಸೊಬ್ಬ ಯಾವುದೋ ವಸ್ತುಸಂಗ್ರಹಾಲಯದ ದಾರಿ ಹೇಳುತ್ತಿದ್ದ. ಮೊದಲೆರಡು ಪರೀಕ್ಷೆಗಳಲ್ಲಿ ಕೇಳಿಸಿದ್ದು ಸರಿಯೋ ತಪ್ಪೋ ಎಂದು ಯೋಚಿಸದೆ ಬರೆದಿದ್ದೆ. ಈಗ ಪ್ರತಿಯೊಂದು ಮಾತಿನಲ್ಲೂ ಯಾವ ಸದ್ದು ಬಿಟ್ಟುಹೋಗಿರಬಹುದು ಎಂದು ಹುಡುಕತೊಡಗಿದೆ. ಹುಡುಕುವಷ್ಟರಲ್ಲಿ ಮುಂದಿನ ವಾಕ್ಯ ದಾಟಿಹೋಗಿರುತ್ತಿತ್ತು. ಸುತ್ತ ಎಲ್ಲರೂ ತಲೆ ತಗ್ಗಿಸಿ ಬರೆಯುತ್ತಿದ್ದರು. ಕೊನೆಯ ಉಪನ್ಯಾಸದ ಹೊತ್ತಿಗೆ ನಾನು ಬರೆಯುವುದನ್ನೇ ನಿಲ್ಲಿಸಿದೆ. ಕೈ ಎತ್ತಿ ಯಾರನ್ನಾದರೂ ಕರೆಯಬೇಕು ಅನ್ನಿಸಿತು. ಬಂದರೆ ಅವರಿಗೆ ಏನು ಹೇಳುವುದು? ಧ್ವನಿ ಮುಗಿಯುವವರೆಗೂ ಹೆಡ್‌ಫೋನ್ ಹಾಕಿಕೊಂಡೇ ಕೂತಿದ್ದೆ.

ಹತ್ತು ಅಂಕ ಬಂತು, ಮೂರು ಸಲದಲ್ಲಿ ಅದೇ ಕಮ್ಮಿ.

ಕಾಲೇಜಿನವರು ನನ್ನನ್ನು ತೆಗೆದುಹಾಕಲಿಲ್ಲ. ಅದೇ ಸಂಸ್ಥೆಯ ಪ್ರೌಢಶಾಲೆಗೆ ಕಳಿಸಿದರು. ನನ್ನ ಪದವಿ ತರಗತಿಗಳನ್ನು ಹೊಸದಾಗಿ ಬಂದ ಒಬ್ಬರು ತೆಗೆದುಕೊಂಡರು. ತುಮಕೂರಿನ ಇಂಗ್ಲಿಷ್ ಮೇಡಂ ಈಗಲೂ ಫೋನ್ ಮಾಡಿ, ಸರಿಯಾಗಿ ಅರ್ಜಿ ಹಾಕಿ ಇನ್ನೊಂದು ಸಲ ಬರಿ ಎನ್ನುತ್ತಾರೆ. ನಾಲ್ಕನೆಯ ಅವಕಾಶ ಇದೆಯೇ ಎಂದು ಆಡಳಿತ ಮಂಡಳಿಗೆ ಕೊಟ್ಟ ಅರ್ಜಿಗೆ ಉತ್ತರ ಬಂದಿಲ್ಲ. "ನೋಡೋಣ ಮೇಡಂ," ಎನ್ನುತ್ತೇನೆ. ಅಭ್ಯಾಸ ಮಾತ್ರ ನಿಲ್ಲಿಸಿದ್ದೇನೆ.

ಪ್ರೌಢಶಾಲೆಯ ಮೊದಲ ವಾರ, ಕಿವಿಗೆ ಯಂತ್ರ ಹಾಕಿಕೊಂಡು ಒಂಬತ್ತನೆಯ ತರಗತಿಯಲ್ಲಿ ಬೋರ್ಡಿನ ಮೇಲೆ ಲೆಕ್ಕ ಬರೆಯುತ್ತಿದ್ದೆ. ಹಿಂದಿನಿಂದ ಪಿಸುಮಾತು ಕೇಳಿಸಿತು. "ಕಾಲೇಜಿಂದ ತೆಗ್ದಾಕವ್ರಂತೆ ಕಣೇ. ಕಿವಿ ಕೇಳ್ಸಲ್ವಂತೆ." ಅಷ್ಟು ಸಣ್ಣ ದನಿಯ ಮಾತೊಂದು ಬೆನ್ನ ಹಿಂದಿನಿಂದ ಪೂರ್ತಿಯಾಗಿ ನನ್ನನ್ನು ತಲುಪಿದ್ದು, ನನಗೆ ನೆನಪಿರುವ ಮಟ್ಟಿಗೆ, ಅದೇ ಮೊದಲು. ತಿರುಗಿ ಗದರಬಹುದಿತ್ತು. ಆದರೆ ಕೇಳಿಸದವಳ ಹಾಗೆ ಮುಂದಿನ ಸಾಲು ಬರೆದೆ.