ಎಡಗೈ ಕತ್ತರಿ

ನಮ್ಮ ನಿಪ್ಪಾಣಿಯಲ್ಲಿ ಬೀಡಿ ಕಟ್ಟುವ ಹೆಂಗಸು ನೆರೆಮನೆಯವಳಿಗೆ ಉಡುವ ಸೀರೆಯನ್ನಾದರೂ ಕೊಟ್ಟಾಳು, ಕತ್ತರಿ ಮಾತ್ರ ಕೊಡುವುದಿಲ್ಲ. ಕತ್ತರಿ ಒಂದೇ ಕೈಗೆ ಪಳಗಿರುತ್ತದೆ. ಬೇರೆ ಕೈ ಬಿದ್ದರೆ ಅದರ ಬಾಯಿ ಕೆಡುತ್ತದೆ. ಕೊಡಲೇಬೇಕಾಗಿ ಬಂದರೂ ಕೈಯಿಂದ ಕೈಗೆ ಕೊಡುವುದಿಲ್ಲ. ನೆಲದ ಮೇಲೆ ಇಡುತ್ತೇವೆ, ಬೇಕಾದವಳು ಎತ್ತಿಕೊಳ್ಳುತ್ತಾಳೆ. ಕೈಯಲ್ಲಿ ಕೊಟ್ಟರೆ ಕೊಟ್ಟವರಿಗೂ ತೆಗೆದುಕೊಂಡವರಿಗೂ ಜಗಳ. ಬೀಡಿ ಎಲೆ ಇಲ್ಲದೆ ಖಾಲಿ ಕತ್ತರಿ ಆಡಿಸಿದರೆ ಇಡೀ ಮನೆಗೇ ಜಗಳ. ಇದನ್ನು ನನಗೆ ನನ್ನ ಅತ್ತೆ ಹೇಳಿದ್ದಳು, ನಾನು ನನ್ನ ಮಗಳಿಗೆ ಹೇಳಿದೆ. ಅವಳು ಸಣ್ಣವಳಿದ್ದಾಗ ಒಮ್ಮೆ ಮರೆತು ಕತ್ತರಿಯನ್ನು ನನ್ನ ಕೈಗೇ ಚಾಚಿದಳು. ಬೆನ್ನಿಗೆ ಗುದ್ದಿದೆ. ಆಮೇಲೆ ಮರೆಯಲಿಲ್ಲ.

ಮಗಳು ಎಡಚಿ. ಓಣಿಯವರು ರೊಡ್ಡಿ ಅಂತ ಕರೆಯುತ್ತಿದ್ದರು. ಬಲಗೈಯಲ್ಲಿ ಉಣ್ಣುವುದನ್ನು ಬೈದು ಕಲಿಸಿದೆ. ಎಲೆ ಕತ್ತರಿಸುವುದನ್ನು ಬೈದು ಕಲಿಸಲು ಆಗಲಿಲ್ಲ. ಅಂಗಡಿಯಲ್ಲಿ ಸಿಗುವ ಕತ್ತರಿ ಬಲಗೈಯವರದು. ಎಡಗೈಯಲ್ಲಿ ಹಿಡಿದು ಒತ್ತಿದರೆ ಅದರ ಎರಡು ಅಲಗು ಒಂದನ್ನೊಂದು ಬಿಟ್ಟು ನಿಲ್ಲುತ್ತವೆ, ಎಲೆ ತುಂಡಾಗದೆ ನಡುವೆ ಮಡಚಿ ಕೂರುತ್ತದೆ. ಚಿಕ್ಕೋಡಿಯ ಒಬ್ಬ ಕಂಬಾರ ಅವಳಿಗೆಂದೇ ಅಲಗು ಅದಲುಬದಲು ಮಾಡಿ ಒಂದು ಕತ್ತರಿ ಬಡಿದುಕೊಟ್ಟ. ಅದೇ ಕತ್ತರಿ ಹಿಡಿದು ಗಂಡನ ಮನೆಗೆ ಹೋದಳು. ಗಂಡ ಸತ್ತ ಮೇಲೆ ಅದೇ ಕತ್ತರಿ ಮತ್ತು ಒಬ್ಬ ಮಗಳ ಜೊತೆ ನನ್ನ ಮನೆಗೆ ಬಂದಳು. ನಾವಿಬ್ಬರೂ ಎದುರುಬದುರು ಕೂತು ಕತ್ತರಿಸುತ್ತಿದ್ದೆವು. ನಾನು ಈ ಕೈ, ಅವಳು ಆ ಕೈ. ಕನ್ನಡಿ ನೋಡಿದ ಹಾಗೆ ಇರುತ್ತಿತ್ತು, ಆದರೆ ಕನ್ನಡಿಯೊಳಗಿನವಳು ನನಗಿಂತ ಬೇಗ ಕತ್ತರಿಸುತ್ತಿದ್ದಳು.

ಅವಳ ಹೊಟ್ಟೆಯಲ್ಲಿ ಗಡ್ಡೆ ಬೆಳೆದಿತ್ತು. ಗೊತ್ತಾಗುವಷ್ಟರಲ್ಲಿ ತಡವಾಗಿತ್ತು. ಡಾಕ್ಟರು ನನ್ನನ್ನೂ ನನ್ನ ಮಗನನ್ನೂ ಹೊರಗೆ ಕರೆದು, "ಮನೀಗೆ ಕರಕೊಂಡ ಹೋಗ್ರಿ. ಬಾಯಿಗೆ ಏನ್ ಬೇಕು ಅಂತಾರ ಕೊಡ್ರಿ" ಅಂದರು. ಹಾಗಂದರೆ ಏನು ಎಂದು ತಿಳಿಯಲು ಶಾಲೆಗೆ ಹೋಗಿರಬೇಕಿಲ್ಲ. ಮಗಳಿಗೆ ನಾವು ಹೊಟ್ಟೆಯಲ್ಲಿ ಹುಣ್ಣಾಗಿದೆ, ಔಷಧಕ್ಕೆ ಮಾಯುತ್ತದೆ ಎಂದು ಹೇಳಿದೆವು. ಅವಳು ನಂಬಿದಳು. ನಂಬಿದ್ದಕ್ಕೆ ಸಾಕ್ಷಿ, ಮನೆಗೆ ಬಂದ ಮೂರು ನಾಲ್ಕು ದಿನಕ್ಕೇ ಕತ್ತರಿ ಕೇಳಿದಳು.

"ಯವ್ವಾ, ನನ್ನ ಕತ್ರಿ ಪೂರಾ ಸವದೇತಿ. ಎದ್ದ ಕೂಡ್ಲೇ ಕೆಲಸಾ ಹಿಡೀಬೇಕು. ಹೊಸಾದ ಒಂದ ಮಾಡಸ್ಕೊಂಡ ಬಾ ಬೇ."

ಮಗ ನನ್ನನ್ನು ಹೊರಗೆ ಕರೆದು ಹೇಳಿದ, "ಯಾವದರ ಒಂದ ಪ್ಯಾಟ್ಯಾಗಿಂದ ತಂದ ಕೊಡು. ಆಕಿ ಈಗೇನ ಕತ್ತರಸ್ತಾಳ?"

"ನಿನಗ ತಿಳಿಯೂದಿಲ್ಲ, ಸುಮ್ಮ ಕುಂದರು" ಅಂದೆ.

ಅವನಿಗೆ ನಿಜವಾಗಿಯೂ ತಿಳಿಯುವುದಿಲ್ಲ. ಅವನು ಬೀಡಿ ಸೇದುವವನು, ಕಟ್ಟುವವನಲ್ಲ. ಮಗಳು ಹುಟ್ಟಾ ಕತ್ತರಿ ಹಿಡಿದವಳು. ಹಗುರ ತಗಡಿನ ಕತ್ತರಿ ತಂದುಕೊಟ್ಟರೆ ಬೆರಳು ತೂರಿಸಿದ ಕೂಡಲೇ, ಇದು ಹೆಚ್ಚು ದಿನ ಬಾಳುವ ಕತ್ತರಿಯಲ್ಲ ಎಂದು ತಿಳಿಯುತ್ತಾಳೆ. ಅವ್ವ ಇಂಥದ್ದನ್ನು ಯಾಕೆ ತಂದಳು ಎಂದು ಯೋಚಿಸುತ್ತಾಳೆ. ಯೋಚಿಸಿದರೆ ಮುಗಿಯಿತು. ಮುಂದಿನ ಹತ್ತಾರು ವರ್ಷ ನಡೆಯುವ ಕತ್ತರಿಯನ್ನೇ ತರಬೇಕು, ಹಾಗೆ ತಂದರೆ ಮಾತ್ರ ಅವಳ ನಂಬಿಕೆ ಉಳಿಯುತ್ತದೆ ಅನ್ನಿಸಿತು.

ಮೊದಲು ನಿಪ್ಪಾಣಿ ಪೇಟೆ ನೋಡಿದೆ. ಅಂಗಡಿಯವ ನಕ್ಕ. "ಡಾವ್ಯಾ ಹಾತಾಚಿ? ಎಡಗೈದು ಯಾರ ಇಡ್ತಾರ ಆಜಿ?" ಎಂದು ಮೊಬೈಲ್ ತೆಗೆದು ಒಂದು ಚಿತ್ರ ತೋರಿಸಿದ. ಕೆಂಪು ಪ್ಲಾಸ್ಟಿಕ್ ಹಿಡಿಕೆ, ಮೊಂಡ ಮೂತಿ. ಮಕ್ಕಳು ಬಣ್ಣದ ಕಾಗದ ಕತ್ತರಿಸುವಂಥದ್ದು. "ಇದನ್ನ ನಿನ್ನ ಮೊಮ್ಮಗಳಿಗಿ ತರಸಿ ಕೊಡು" ಎಂದು ಅವನಿಗೇ ಹೇಳಿ ನಾನು ಚಿಕ್ಕೋಡಿ ಬಸ್ಸು ಹತ್ತಿದೆ.

ಹಳೆಯ ಕಂಬಾರ ತೀರಿಹೋಗಿದ್ದ. ಅವನ ಮಗನೂ ಈಗ ಅರ್ಧ ಮುದುಕ. ಕಬ್ಬಿನ ಟ್ರ್ಯಾಕ್ಟರಿನ ಕೊಂಡಿ ಬೆಸೆಯುತ್ತಾ ಕೂತಿದ್ದ. ಮಗಳ ಹಳೆಯ ಕತ್ತರಿಯನ್ನು ಅವನ ಮುಂದೆ ನೆಲದ ಮೇಲೆ ಇಟ್ಟೆ. ಎತ್ತಿ ತಿರುವಿ ನೋಡಿದ.

"ಇದು ನಮ್ಮಪ್ಪನ ಕೈದು. ಇಂಥಾದ್ದ ಮಾಡಬೇಕಂದ್ರ ಎಂಟ ದಿನಾ ಬಿಟ್ಟ ಬರ್ರಿ ಆಯಿ."

"ಇವತ್ತ ಬೇಕು."

"ಇಷ್ಟ ಅವಸರಾ? ಬೀಡಿ ಏನ್ ಓಡಿ ಹೋಗ್ತಾವು?"

ನಾನು ಅವನ ಅಂಗಡಿಯ ಕಟ್ಟೆಯ ಮೇಲೆ ಕೂತೆ. ಅವನು ಸ್ವಲ್ಪ ಹೊತ್ತು ನನ್ನ ಮುಖ ನೋಡಿ, ಕೊಂಡಿ ಪಕ್ಕಕ್ಕಿಟ್ಟು, ಲಾರಿಯ ಸ್ಪ್ರಿಂಗ್ ಪಾಟಾದ ಒಂದು ತುಂಡು ಹುಡುಕಿ ಕುಲುಮೆಗೆ ಹಾಕಿದ.

ಮಧ್ಯಾಹ್ನ ಇಳಿಯುವ ಹೊತ್ತಿಗೆ ಒಂದು ಮಾಡಿ ಮುಂದಿಟ್ಟ. ನಾನು ಮುಚ್ಚಿ ಬೆಳಕಿಗೆ ಹಿಡಿದು ನೋಡಿದೆ. ಒಳ್ಳೆಯ ಕತ್ತರಿ ಮುಚ್ಚಿದಾಗ ತುದಿಯಲ್ಲಿ ಮುತ್ತು ಕೊಟ್ಟಂತೆ ಕೂಡಬೇಕು, ನಡುವೆ ಕೂದಲೆಳೆಯಷ್ಟು ಬೆಳಕು ಕಾಣಬೇಕು. ಇದರಲ್ಲಿ ಬೆಳಕೇ ಇರಲಿಲ್ಲ, ಎರಡು ಅಲಗೂ ಒಂದನ್ನೊಂದು ಅಪ್ಪಿಕೊಂಡಿದ್ದವು. ಇಂಥದ್ದು ದಿನವಿಡೀ ತಿಕ್ಕಾಡಿ ಬೆರಳು ನೋಯಿಸುತ್ತದೆ. ಹಿಡಿಕೆಯ ಉಂಗುರದ ಒಳಗೆ ಬೆರಳಾಡಿಸಿದೆ, ಒಂದು ಕಡೆ ಮುಳ್ಳಿತ್ತು. ಸೆರಗಿನ ತುದಿಯನ್ನು ನೀರಲ್ಲಿ ತೋಯಿಸಿ ಎಡಗೈಯಲ್ಲೇ ಹಿಡಿದು ಕತ್ತರಿಯ ಮೂತಿಯಿಂದಷ್ಟೇ ಕತ್ತರಿಸಿದೆ. ಜಗ್ಗಿತು.

"ಬ್ಯಾಡ. ಇನ್ನೊಂದ ಮಾಡು" ಅಂದೆ.

"ಹೊಸಾದು ಹಂಗ ಇರತೇತ್ರಿ. ಎರಡ ತಿಂಗಳ ಕತ್ತರಸಿದ್ರ ತಾನ ಪಳಗತೇತಿ."

"ಎರಡ ತಿಂಗಳ ಆಕಿ ಕಡೆ ಇಲ್ಲೋ ತಮ್ಮಾ."

ಅಂದ ಮೇಲೆ ನನ್ನ ಮೇಲೇ ನನಗೆ ಸಿಟ್ಟು ಬಂತು, ಯಾಕೆ ಹೇಳಿದೆನೋ ಎಂದು. ಅವನು ಕಣ್ಣೆತ್ತಲಿಲ್ಲ. ಕತ್ತರಿ ಬಿಚ್ಚಿ ಒಂದು ಅಲಗನ್ನು ಬದಿಗೆ ಹಾಕಿ ಬೇರೆ ಬಡಿದ, ಸಾಣೆ ಹಿಡಿದ, ಉಂಗುರದ ಮುಳ್ಳನ್ನು ಕಾನಸಿನಿಂದ ಉಜ್ಜಿ ತೆಗೆದ. ಮತ್ತೆ ಬೆಳಕಿಗೆ ಹಿಡಿದೆ. ಕೂದಲೆಳೆ ಕಂಡಿತು. ಸೆರಗು ಬೆಣ್ಣೆಯಂತೆ ಬಿಟ್ಟಿತು. ಒಂದು ಹನಿ ಎಣ್ಣೆ ಬಿಟ್ಟು ಕೊಟ್ಟ. ಅವನೂ ನೆಲದ ಮೇಲೇ ಇಟ್ಟ, ನಾನು ಎತ್ತಿಕೊಂಡೆ.

ಮರುದಿನ ಬೆಳಿಗ್ಗೆ ಮಗಳ ಹಾಸಿಗೆಯ ಹತ್ತಿರ ಕೂತೆ. ತೋಯಿಸಿಟ್ಟ ಎಲೆ ಒಂದನ್ನು ತಂದಿದ್ದೆ. ಅವಳು ಗೋಡೆಗೆ ಒರಗಿ ಕೂರುವಷ್ಟಿದ್ದಳು, ಬಗ್ಗುವಷ್ಟಿರಲಿಲ್ಲ. ಎಡಗೈ ಮುಂದೆ ಮಾಡಿದಳು. ನಾನು ಕತ್ತರಿಯನ್ನು ಅವಳ ಕೈಯಲ್ಲಿ ಇಟ್ಟೆ.

ಅವಳು ಬೆರಳು ತೂರಿಸಿದಳು. ತೂಕ ನೋಡಿದಳು. ಬೆಳಕಿಗೆ ಹಿಡಿದು ನಡುವಿನ ಸಂದಿ ನೋಡಿದಳು. ಎಲೆಯ ಒಂದು ಬದಿ ಕತ್ತರಿಸಿದಳು, ಅಂಚು ದಾರ ಎಳೆದಂತೆ ಬಂತು.

"ಭಾಳ ಚಲೋ ಐತಿ ಬೇ. ನನಗಿಂತಾ ಹೆಚ್ಚಿಗಿ ಬಾಳತೇತಿ ಇದು" ಎಂದು ನಕ್ಕಳು. ನಾನೂ ನಕ್ಕೆ. ಗೆದ್ದೆ ಅಂದುಕೊಂಡೆ.

ಆಮೇಲೆ ಅವಳ ನಗು ನಿಂತಿತು. ಕೈಯಲ್ಲಿದ್ದ ಕತ್ತರಿ ನೋಡಿದಳು. ನನ್ನ ಕೈ ನೋಡಿದಳು.

"ಯವ್ವಾ, ಕೈಯಾಗ ಕೊಟ್ಟೀ?"

ಬಗ್ಗಾಕ ಬರೂದಿಲ್ಲಲ್ಲ ನಿನಗ ಅನ್ನಬಹುದಿತ್ತು. ಹಾಸಿಗೆಯ ಮೇಲೆ ಇಟ್ಟಿದ್ದರೂ ಆಗುತ್ತಿತ್ತು ಎಂದು ಅವಳಿಗೂ ಗೊತ್ತು, ನನಗೂ ಗೊತ್ತು.

"ನಮ್ಮಿಬ್ಬರಿಗೂ ಇನ್ನ ಜಗಳಾ ಆಗಾಂಗಿಲ್ಲ ಅಂತ ನಿನಗ ತಿಳದೇತಿ ಹಂಗಾರ" ಅಂದಳು.

ಒಂದು ಬಸ್ಸಿನ ಹಾದಿ ಹೋಗಿ ಬಂದು, ಬೆಳಕು ನೋಡಿ, ಸೆರಗು ಕತ್ತರಿಸಿ ಆರಿಸಿ ತಂದ ಸುಳ್ಳನ್ನು ನನ್ನ ಕೈಯೇ ಕೆಡಿಸಿತು. ನಾನು ಅಳಲಿಲ್ಲ. ಅತ್ತರೆ ಹೌದು ಅಂದಂತೆ. ಅಳದೆ ಕೂತದ್ದೂ ಹೌದು ಅಂದಂತೆಯೇ ಆಯಿತು.

ಅವಳೇ ಮಾತು ತೆಗೆದಳು. "ಕೈಯಾಗ ಕೊಟ್ಟ ಮ್ಯಾಲೆ ಜಗಳಾ ಆಗಬೇಕಲ್ಲ. ಮಾಡೂಣು ಬಾ. ನನ್ನ ಮದಿವ್ಯಾಗ ಹಸರ ಸೀರಿ ಕೊಡ್ತೀನಿ ಅಂದಿದ್ದಿ. ಯಾಕ ಕೊಡಲಿಲ್ಲ?"

"ನೀ ಹಸರ ಉಟ್ರ ಗಿಣಿ ಕಂಡಂಗ ಕಾಣ್ತಿದ್ದಿ."

"ಸೊಸಿಗಿ ಕೊಟ್ಟಿಯಲಾ. ಆಕಿ ಏನ್ ನವಿಲಾ?"

"ಆಕಿ ಎಮ್ಮಿ. ಎಮ್ಮಿಗಿ ಹಸರ ಹಾಕಬೇಕು."

ಒಳಗಿನಿಂದ ಸೊಸೆ, "ಕೇಳಸ್ತೇತ್ರಿ ಅತ್ತಿ" ಎಂದು ಕೂಗಿದಳು. ಮಗಳು ಹೊಟ್ಟೆ ಹಿಡಿದುಕೊಂಡು ನಕ್ಕಳು, ನೋವಿಗೆ ಕಣ್ಣಲ್ಲಿ ನೀರು ಬಂತು. ಆಮೇಲೆ ಕತ್ತರಿಯನ್ನು ಹಾಸಿಗೆಯ ಮೇಲೆ ಇಟ್ಟು ಹೇಳಿದಳು, "ನನ್ನ ಮಗಳಿಗಿ ಬೆನ್ನಿಗಿ ಗುದ್ದಬ್ಯಾಡ ಬೇ. ಭಾಳ ನೋಯತೇತಿ."

ಮತ್ತೆ ಅವಳು ಕತ್ತರಿ ಹಿಡಿಯಲಿಲ್ಲ. ಪಂಚಮಿಗೆ ಮೊದಲೇ ಹೋದಳು.

ಮಣ್ಣು ಮಾಡುವಾಗ ಕತ್ತರಿಯನ್ನೂ ಜೊತೆಗೆ ಇಡು ಎಂದು ಓಣಿಯ ಹೆಂಗಸರು ಹೇಳಿದರು. ಒಳ್ಳೆಯ ಕಬ್ಬಿಣವನ್ನು ತುಕ್ಕಿಗೆ ಕೊಡುವುದು ನನಗೆ ಸರಿ ಕಾಣಲಿಲ್ಲ. ಮೊಮ್ಮಗಳು ಬಲಗೈಯವಳು. ಅವಳು ಒಮ್ಮೆ ಅದರಲ್ಲಿ ಕೊತ್ತಂಬರಿ ಕತ್ತರಿಸಲು ಹೋಗಿ, "ಆಯಿ, ಇದ ಮೊಂಡ ಐತಿ" ಎಂದು ಬಿಟ್ಟಳು. ಬೈಯುವುದಕ್ಕೆ ಬಾಯಿ ತೆರೆದು ಮುಚ್ಚಿದೆ.

ಈಗ ನಾನು ಆ ಕತ್ತರಿ ಹಿಡಿದು ಎಡಗೈಯಲ್ಲಿ ಕತ್ತರಿಸುತ್ತೇನೆ. ಈ ವಯಸ್ಸಿಗೆ ಕೈ ಪಳಗುವುದಿಲ್ಲ. ಎಲೆ ಸೊಟ್ಟ ಬರುತ್ತದೆ, ಬೀಡಿ ಬಾಯಿ ಬಿಡುತ್ತದೆ. ಬೀಡಿ ಎಣಿಸಿ ತೆಗೆದುಕೊಳ್ಳುವವನು ಹಿಡಿಹಿಡಿ ತೆಗೆದು ಕಸಕ್ಕೆ ಹಾಕುತ್ತಾನೆ. "ಎಷ್ಟ ಚಂದ ಕಟ್ಟತಿದ್ರಿ ಆಯಿ, ಏನಾತು? ಬ್ಯಾರೆ ಕತ್ರಿ ಇಲ್ಲೇನು ಮನ್ಯಾಗ?" ಎಂದು ಕೇಳುತ್ತಾನೆ. ಐತಿ ಅನ್ನುತ್ತೇನೆ.

ಮೊನ್ನೆ ಮನೆಯಲ್ಲಿ ಯಾರೂ ಇರಲಿಲ್ಲ. ಅವಳು ಕೂರುವ ಜಾಗದ ಎದುರಿಗೆ ಕೂತು ಖಾಲಿ ಕತ್ತರಿ ಆಡಿಸಿ ನೋಡಿದೆ. ಸಾಕಷ್ಟು ಹೊತ್ತು ಆಡಿಸಿದೆ. ಯಾರೂ ಜಗಳಕ್ಕೆ ಬರಲಿಲ್ಲ. ತೋಯಿಸಿಟ್ಟ ಎಲೆ ಒಣಗುತ್ತಿತ್ತು, ಎಳೆದುಕೊಂಡು ಕತ್ತರಿಸತೊಡಗಿದೆ.