ಹಾಜಿಸಾಹೇಬರ ಜಾವಾ ಚಹಾ

ಕಚೇರಿ ಕೆಲಸಕ್ಕೆ ಸಿರುಗುಪ್ಪಕ್ಕೆ ಹೊರಟವನು, ನೇರ ದಾರಿ ಕೆಸರಾಗಿದ್ದರಿಂದ ಕುರುಗೋಡಿನ ಮೇಲೆ ಬಂದು, ಎತ್ತುಗಳಿಗೆ ನೀರು ಕುಡಿಸಲು ಗಾಡಿಯವನಿಗೆ ಹೇಳಿ ಅಲ್ಲಿ ಗಾಡಿ ನಿಲ್ಲಿಸಿದ್ದೆ. ಎದುರಿನ ಕಟ್ಟೆಯಿಂದ ನೇಕಾರ ಹಾಜಿಸಾಹೇಬರು ಕೂಗಿದರು, “ರಾಯರ, ಬಳ್ಳಾರ್ಯಾಗ ಇರೋರು ನೀವು. ಚಹಾ ಕುಡಿದೀರೇನ್ರಿ?”

ಬಳ್ಳಾರಿಯ ದಂಡಿನ ಪೇಟೆಯಲ್ಲಿ ನಮ್ಮವರ ಅಂಗಡಿಯೊಂದರಲ್ಲಿ ಒಂದೆರಡು ಸಲ ಕುಡಿದಿದ್ದೆ. ಹೌದೆಂದೆ.

ಅವರು ಬಟ್ಟೆಯ ಗಂಟೊಂದನ್ನು ತಂದರು. ಮಕ್ಕಾದಲ್ಲಿ ಅವರು ಜ್ವರದಿಂದ ಮಲಗಿದ್ದಾಗ ಜಾವಾ ದೇಶದ ಯಾತ್ರಿಕನೊಬ್ಬ ಈ ಎಲೆಯ ಚಹಾ ಕುಡಿಸಿ, ಹೊರಡುವಾಗ ಗಂಟನ್ನೇ ಕೊಟ್ಟನಂತೆ. ಒಬ್ಬರ ಮಾತು ಒಬ್ಬರಿಗೆ ತಿಳಿಯುತ್ತಿರಲಿಲ್ಲವಂತೆ.

“ಮನ್ಯಾಗ ಹಾಲು, ಬೆಲ್ಲ ಹಾಕಿ ಕುದಿಸಿ ಪಾಯಸ ಮಾಡ್ತಾರ್ರಿ. ಆ ರುಚಿ ಬರವಲ್ದು. ನೀವರ ಮಾಡಿ ನೋಡ್ರಿ.”

ನಾನು ವೈಷ್ಣವ, ಅವರ ಮನೆಯ ನೀರು ಕುಡಿಯುವಂತಿರಲಿಲ್ಲ. ಆದರೆ ಆ ಮುಖ ನೋಡಿ ಒಲ್ಲೆ ಎನ್ನಲು ಬಾಯಿ ಬರಲಿಲ್ಲ. ಸಾಹೇಬರೇ ನಕ್ಕರು. “ಚೆಂಬು ನಿಮ್ದು, ನೀರು ನಿಮ್ದು. ಎಲಿ ಅಷ್ಟ ನಂದು. ಒಣಗಿದ ಎಲಿಗೆ ಎಂಥಾ ಮೈಲಿಗಿರೀ?”

ಬೇವಿನ ಮರದ ಕೆಳಗೆ ಮೂರು ಕಲ್ಲು ಹೂಡಿದೆ. ಪೇಟೆಯ ಅಂಗಡಿಯವನು ಮಾಡುತ್ತಿದ್ದಂತೆ, ಕುದಿದ ನೀರನ್ನು ಇಳಿಸಿ, ಎಲೆ ಹಾಕಿ ಮುಚ್ಚಿಟ್ಟೆ. ತೆಗೆದಾಗ ಮಲ್ಲಿಗೆಯ ಕಂಪು ಬಂತು. ಮೊದಲ ಗುಟುಕು ಒಗರು. ನುಂಗಿದ ಮೇಲೆ ನಾಲಿಗೆಯಲ್ಲಿ ತೆಳ್ಳಗೆ ಸಿಹಿ ಉಳಿಯಿತು. ಸಾಹೇಬರ ಬಟ್ಟಲಿಗೆ ಚೆಂಬು ತಾಗದಂತೆ ಮೇಲಿನಿಂದ ಸುರಿದೆ.

ಅವರು ಕುಡಿದು ಕಣ್ಣು ಮುಚ್ಚಿದರು. “ಇದ ನೋಡ್ರಿ ಅದು! ಅಂವಾ ಬಾಜೂಕ ಬಂದು ಕುಂತಂಗಾತು.”

ಆ ಗಂಟು ಮುಗಿಯುವವರೆಗೂ ನಾನು ಸಿರುಗುಪ್ಪಕ್ಕೆ ಕುರುಗೋಡಿನ ಮೇಲೆಯೇ ಹೋದೆ. ಸುತ್ತು ದಾರಿ ಎಂದು ಗಾಡಿಯವನು ಗೊಣಗುತ್ತಿದ್ದ. ಅವನಿಗೂ ಒಂದು ಬಟ್ಟಲು ಸಿಕ್ಕಮೇಲೆ, ಇದೇ ಹತ್ತಿರದ ದಾರಿ ಎಂದು ಊರಲ್ಲೆಲ್ಲ ಹೇಳತೊಡಗಿದ.